ಶಾಲೆಯ ಹಬ್ಬಗಳೂ ದೆಹಲಿಯ ಕನ್ನಡವೂ

ಪ್ರಾಥಮಿಕ ಶಾಲೆಗಳಲ್ಲಿ ವರ್ಷವರ್ಷವೂ ನೆರವೇರುವ ಉತ್ಸವಗಳನ್ನು ಪಾಠಕ್ರಮದ ಹೊರಗಿನ ವಿನೋದವೆಂದು ಎಣಿಸುವುದು ಸಾಮಾನ್ಯ ವಾಡಿಕೆ. ಪಾಠವು ಮುಖ್ಯ, ಹಬ್ಬವು ಆನುಷಂಗಿಕ ಎಂಬ ಈ ಭಾವನೆಯಿಂದ ಕನ್ನಡ ನಾಡಿನ ಒಳಗೆ ಹೆಚ್ಚಿನ ಬಾಧಕವೇನೂ ಇಲ್ಲ. ಅಲ್ಲಿ ಭಾಷೆಯು ಬೀದಿಯಲ್ಲಿಯೂ ಅಂಗಡಿಯಲ್ಲಿಯೂ ಗುಡಿಯಲ್ಲಿಯೂ ಮಗುವಿನ ಕಿವಿಗೆ ತಾನಾಗಿಯೇ ಬೀಳುತ್ತಿರುತ್ತದೆ. ದೆಹಲಿಯಂತಹ ನಗರದಲ್ಲಿ ಹಾಗಲ್ಲ. ಇಲ್ಲಿ ಕನ್ನಡದ ಮಗುವು ತನ್ನ ಮನೆಯವರಲ್ಲದ ಹತ್ತು ಮಂದಿಯ ಬಾಯಿಂದ ಕನ್ನಡವನ್ನು ಒಮ್ಮೆಗೇ ಕೇಳುವ ಸಂದರ್ಭವು ಹಲವೊಮ್ಮೆ ಹಬ್ಬದ ದಿನವೊಂದೇ ಆಗಿರುತ್ತದೆ. ಹೀಗಿರಲು, ಶಾಲೆಯ ಹಬ್ಬವು ಕನ್ನಡಿಗರಲ್ಲಿ ಹಿಂದೆ ಯಾವ ಕಾರ್ಯವನ್ನು ನಡೆಸುತ್ತಿತ್ತು, ಈಗ ಹೊರನಾಡಿನಲ್ಲಿ ಯಾವ ಕಾರ್ಯವನ್ನು ನಡೆಸಬೇಕಾಗಿದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಹಳೆಯ ಮಠಗಳ ಹಬ್ಬ

ಸರ್ಕಾರದ ಶಾಲೆಗಳು ಹುಟ್ಟುವುದಕ್ಕೆ ಮೊದಲು ಕನ್ನಡ ನಾಡಿನ ಊರುಗಳಲ್ಲಿದ್ದ ಓದಿನ ಮನೆಗಳಿಗೆ ಕೂಲಿಮಠ, ಐಗಳ ಮಠ ಮುಂತಾದ ಹೆಸರುಗಳಿದ್ದವೆಂಬುದು ವಾಚಕರಿಗೆ ವಿದಿತವೇ ಇದೆ. ಅವುಗಳ ಒಳಕ್ರಮವನ್ನು ತಿಳಿಯಲು ದೊರೆಯುವ ಆಧಾರಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ರ ಆಗಸ್ಟಿನಲ್ಲಿ ಮದರಾಸಿನ ಕಂದಾಯ ಮಂಡಲಿಗೆ ಒಪ್ಪಿಸಿದ ವರದಿಯು ಮುಖ್ಯವಾದುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಪಾಠಶಾಲೆಗಳೂ ಅವುಗಳಲ್ಲಿ 6,641 ಮಂದಿ ವಿದ್ಯಾರ್ಥಿಗಳೂ ಇದ್ದರೆಂದು ಅವನು ಎಣಿಸಿದ್ದಾನೆ. ಆ ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು.

ಮಗುವು ಶಾಲೆಗೆ ಸೇರುವ ವಿಧಾನವನ್ನು ಆ ವರದಿಯು ಸ್ವಾರಸ್ಯವಾಗಿ ತಿಳಿಸುತ್ತದೆ. ಐದು ವರ್ಷ ತುಂಬಿದ ಮಗುವಿನ ತಂದೆತಾಯಿಗಳು ಉಪಾಧ್ಯಾಯನನ್ನೂ ಅವನ ಶಿಷ್ಯರೆಲ್ಲರನ್ನೂ ತಮ್ಮ ಮನೆಗೆ ಕರೆಯುತ್ತಿದ್ದರು. ಗಣಪತಿಯ ವಿಗ್ರಹದ ಸುತ್ತ ಶಿಷ್ಯರು ಕುಳಿತುಕೊಳ್ಳುತ್ತಿದ್ದರು. ಹೊಸ ಮಗುವನ್ನು ವಿಗ್ರಹಕ್ಕೆ ಎದುರಾಗಿ ಕೂರಿಸಿ, ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದರು. ಉಪಾಧ್ಯಾಯನಿಗೆ ಕಾಣಿಕೆ ಸಲ್ಲುತ್ತಿತ್ತು. ಮರುದಿನ ಬೆಳಿಗ್ಗೆಯಿಂದ ಮಗುವಿನ ಓದು ಮೊದಲಾಗುತ್ತಿತ್ತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಗುವು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು.

ಇದೇ ಕ್ರಮದ ವಿಸ್ತಾರವಾದ ರೂಪವನ್ನು ನವರಾತ್ರಿಯಲ್ಲಿ ಕಾಣಬಹುದು. ಹಳೆಯ ಮೈಸೂರಿನ ಕಡೆ ಮಹಾನವಮಿಯ ಸಮಯದಲ್ಲಿ ಉಪಾಧ್ಯಾಯರು ಮಕ್ಕಳನ್ನು ಕೂಡಿಕೊಂಡು ಮನೆಮನೆಗೂ ಹೋಗಿ ಚೌಪದಗಳನ್ನು ಹಾಡಿಸುತ್ತಿದ್ದರು. ಮಕ್ಕಳು ಮನೆಯವರನ್ನು ಹರಸುತ್ತಿದ್ದರು. ಮನೆಯವರು ಗುರುವಿಗೆ ಹಣವನ್ನೋ ಧಾನ್ಯವನ್ನೋ ಕೊಡುತ್ತಿದ್ದರು. ಕರಾವಳಿಯ ಕುಂದಾಪುರ ಉಡುಪಿಗಳ ಸೀಮೆಯಲ್ಲಿ ಇದಕ್ಕೆ ಸಮಾನವಾದುದು ಹೂವಿನಕೋಲು. ಐಗಳ ಮಠದ ಹುಡುಗರು ನವರಾತ್ರಿಯಲ್ಲಿ ಹೂವಿನಿಂದ ಅಲಂಕರಿಸಿದ ಕೋಲುಗಳನ್ನು ಹಿಡಿದು ಭಾಗವತರೊಡನೆ ಮನೆಗಳಿಗೆ ಬಂದು, ಮೊದಲು ಹರಕೆಯ ನುಡಿಗಳನ್ನು ಹೇಳಿ, ಬಳಿಕ ಎದುರುಬದುರಾಗಿ ಕುಳಿತು ಯಕ್ಷಗಾನದ ಪ್ರಸಂಗವೊಂದರ ತುಣುಕನ್ನು ಮಾತನಾಡಿ ತೋರಿಸುತ್ತಿದ್ದರು. ವೇಷವಿಲ್ಲ, ರಂಗಸ್ಥಳವಿಲ್ಲ, ಮನೆಯ ಚಾವಡಿಯೇ ರಂಗ, ಮಾತೇ ವೇಷ.

ಈ ಆಚರಣೆಗಳಲ್ಲಿ ಮೂರು ಕಾರ್ಯಗಳು ಒಂದಾಗಿ ಸೇರಿದ್ದುವೆಂಬುದನ್ನು ವಿಂಗಡಿಸಿ ನೋಡಬೇಕು. ಮೊದಲನೆಯದು, ನಿಶ್ಚಿತವಾದ ಸಂಬಳವಿಲ್ಲದ ಗುರುವಿನ ಜೀವನೋಪಾಯ. ಎರಡನೆಯದು, ಮಗುವು ಏನನ್ನು ಕಲಿತಿದೆಯೆಂಬುದರ ಬಹಿರಂಗ ಪರೀಕ್ಷೆ. ಉಚ್ಚಾರ ತಪ್ಪಿದರೆ ಅಂಗಳದಲ್ಲಿದ್ದ ಹಿರಿಯರು ಅಲ್ಲಿಯೇ ತಿದ್ದುತ್ತಿದ್ದರು. ಮೂರನೆಯದು, ಊರಿನ ಮನೆಗಳನ್ನೆಲ್ಲ ಶಾಲೆಯ ಪೋಷಕರನ್ನಾಗಿ ಮಾಡುವುದು. ಶಾಲೆಗೆ ಮಗುವನ್ನು ಕಳುಹಿಸದ ಮನೆಯೂ ಚೌಪದವನ್ನು ಕೇಳಿ ದಕ್ಷಿಣೆ ಕೊಟ್ಟಿತೆಂದರೆ ಶಾಲೆಯು ತನ್ನದೂ ಹೌದೆಂದು ಒಪ್ಪಿದಂತೆಯೇ ಆಯಿತು.

2. ಸರ್ಕಾರದ ಶಾಲೆ ಮತ್ತು ಸಭೆಯ ಕ್ರಮ

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈ ವ್ಯವಸ್ಥೆಯು ಮಾರ್ಪಟ್ಟಿತು. 1854ರ ಚಾರ್ಲ್ಸ್ ವುಡ್ಡನ ಶಿಕ್ಷಣಾದೇಶದ ತರುವಾಯ ವಿದ್ಯಾ ಇಲಾಖೆಗಳು ಏರ್ಪಟ್ಟವು. ಮೈಸೂರಿನಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆಯು 1868ರಲ್ಲಿ ಜಾರಿಗೆ ಬಂದಿತು. ಉಪಾಧ್ಯಾಯರಿಗೆ ಸಂಬಳವೂ ಶಾಲೆಗೆ ಇನ್‌ಸ್ಪೆಕ್ಟರರ ತನಿಖೆಯೂ ನಿಯತವಾದುವು. ಮಗುವಿನ ಕಲಿಕೆಯನ್ನು ಅಳೆಯುವ ಅಧಿಕಾರವು ಊರಿನ ಅಂಗಳದಿಂದ ಇಲಾಖೆಯ ಪರೀಕ್ಷಾಧಿಕಾರಿಗೆ ಹೋಯಿತು. ಚೌಪದದ ಮೊದಲಿನ ಎರಡು ಕಾರ್ಯಗಳು ಹೀಗೆ ಸಹಜವಾಗಿಯೇ ಕಳಚಿಬಿದ್ದವು. ಮೂರನೆಯದಾದ ಊರಿನ ಪಾಲುಗಾರಿಕೆ ಮಾತ್ರ ಶಾರದಾ ಪೂಜೆ, ಗಣೇಶನ ಹಬ್ಬ, ವಾರ್ಷಿಕೋತ್ಸವಗಳ ರೂಪದಲ್ಲಿ ಉಳಿದುಕೊಂಡಿತು.

ಸ್ವಾತಂತ್ರ್ಯಾನಂತರ ಶಾಲೆಯ ವರ್ಷಕ್ಕೆ ಹೊಸ ಪರ್ವದಿನಗಳು ಸೇರಿದವು. ಆಗಸ್ಟ್ 15, ಜನವರಿ 26 ಇವು ರಾಷ್ಟ್ರದ ದಿನಗಳು. ಸರ್ವಪಲ್ಲಿ ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ 1962ರಿಂದ ಅವರ ಜನ್ಮದಿನವಾದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರೆಂಬ ಕಾರಣದಿಂದ ಕನ್ನಡಿಗರಿಗೆ ಆ ದಿನದಲ್ಲಿ ವಿಶೇಷವಾದ ಅಭಿಮಾನವೂ ಉಂಟು. ನೆಹರೂ ಅವರ ಜನ್ಮದಿನವಾದ ನವೆಂಬರ್ 14 ಮಕ್ಕಳ ದಿನ. ಕನ್ನಡದ ಶಾಲೆಗಳಿಗೆ ಇವುಗಳ ಜೊತೆಗೆ ನವೆಂಬರ್ 1 ಸೇರಿತು. 1956ರಲ್ಲಿ ಆ ದಿನ ಏಕೀಕೃತ ಮೈಸೂರು ರಾಜ್ಯವು ಉದಯಿಸಿತು. 1973ರಲ್ಲಿ ಅದೇ ದಿನ ಅದು ಕರ್ನಾಟಕವೆಂಬ ಹೆಸರನ್ನು ಪಡೆಯಿತು.

ಈ ದಿನಗಳೆಲ್ಲವುಗಳಿಗೂ ಒಂದೇ ಬಗೆಯ ಸಭಾಕ್ರಮವು ರೂಢಿಗೆ ಬಂದಿತು. ಪ್ರಾರ್ಥನೆ, ಸ್ವಾಗತ, ವರದಿ, ಅತಿಥಿಗಳ ಭಾಷಣ, ಬಹುಮಾನ, ಮನೋರಂಜನೆ, ವಂದನಾರ್ಪಣೆ ಎಂಬ ಸರಣಿಯನ್ನು ಅರಿಯದ ಕನ್ನಡಿಗನಿಲ್ಲ. ಹಳೆಯ ಕ್ರಮದಲ್ಲಿ ಮಗುವು ಮಾತನಾಡುತ್ತಿತ್ತು, ಹಿರಿಯರು ಕೇಳುತ್ತಿದ್ದರು. ಹೊಸ ಕ್ರಮದಲ್ಲಿ ಹೆಚ್ಚಿನ ಹೊತ್ತು ಹಿರಿಯರು ಮಾತನಾಡುತ್ತಾರೆ, ಮಕ್ಕಳು ಕೇಳುತ್ತಾರೆ. ಮನೋರಂಜನೆಯ ಭಾಗದಲ್ಲಿ ಮಾತ್ರ ಮಕ್ಕಳ ಸರದಿ ಬರುತ್ತದೆ. ಈ ವ್ಯತ್ಯಾಸವು ಮೇಲುನೋಟಕ್ಕೆ ಅಲ್ಪವೆನಿಸಿದರೂ ಹೊರನಾಡಿನಲ್ಲಿ ಅದರ ಪರಿಣಾಮವು ಅಲ್ಪವಲ್ಲವೆಂಬುದು ಮುಂದೆ ಸ್ಪಷ್ಟವಾಗುವುದು.

3. ದೆಹಲಿಯ ನೆಲೆ

ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಾಯಿಸುವ ಘೋಷಣೆಯು 1911ರ ಡಿಸೆಂಬರಿನಲ್ಲಿ ಆಯಿತು. ಕಾರ್ಯಾಲಯಗಳ ಸಂಗಡ ಬಂದ ದೂರದ ಪ್ರಾಂತಗಳ ನೌಕರರಿಗೆ ಮೊದಲು ತೋರಿದ ಕೊರತೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸವೊಂದು. 1923ರಲ್ಲಿ ಆರಂಭವಾದ ಮದರಾಸಿನವರ ವಿದ್ಯಾಸಂಸ್ಥೆಯು ಮುಂದೆ ದೆಹಲಿ ತಮಿಳು ಶಿಕ್ಷಣ ಸಂಘವಾಗಿ ಬೆಳೆಯಿತು. ಬಂಗಾಳಿಗಳೂ ಆಂಧ್ರರೂ ಕೇರಳೀಯರೂ ತಮ್ಮ ತಮ್ಮ ಶಾಲೆಗಳನ್ನು ಕಟ್ಟಿಕೊಂಡರು. ದೆಹಲಿ ಕರ್ನಾಟಕ ಸಂಘವು 1948ರಲ್ಲಿ ಸ್ಥಾಪಿತವಾಯಿತು. ಅದರ ಅಮೃತ ಮಹೋತ್ಸವದ ಸಮಾರಂಭವು 2023ರ ಫೆಬ್ರವರಿಯಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ನೆರವೇರಿತು. ಕನ್ನಡಿಗರ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಲೋದಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯು ನಡೆದುಬಂದಿದೆ.

ಇಂತಹ ಪ್ರಯತ್ನಗಳಿಗೆ ಸಂವಿಧಾನದ ಬೆಂಬಲವೂ ಉಂಟು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಕರ್ಯಗಳನ್ನು ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೂ ಸ್ಥಳೀಯ ಅಧಿಕಾರಗಳಿಗೂ ವಿಧಿಸುತ್ತದೆ. ಅದಕ್ಕೂ ಮೊದಲು, 1949ರಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಇದಕ್ಕೊಂದು ಲೆಕ್ಕವನ್ನು ಸೂಚಿಸಿತ್ತು. ಇಡೀ ಶಾಲೆಯಲ್ಲಿ 40 ಮಂದಿಯೋ ಒಂದು ತರಗತಿಯಲ್ಲಿ 10 ಮಂದಿಯೋ ಒಂದೇ ಭಾಷೆಯ ಮಕ್ಕಳಿದ್ದರೆ ಆ ಭಾಷೆಗೆ ಒಬ್ಬ ಉಪಾಧ್ಯಾಯನನ್ನು ಕೊಡಬೇಕೆಂಬುದು ಅದರ ಸಾರ.

ಹತ್ತು ಎಂಬ ಈ ಸಂಖ್ಯೆಯು ಕಾಸರಗೋಡಿನಲ್ಲಿ ಕಷ್ಟದ್ದಲ್ಲ. ಮುಂಬಯಿಯಲ್ಲಿಯೂ ಕನ್ನಡಿಗರು ಬಡಾವಣೆಗಳಾಗಿ ನೆಲೆಸಿದ್ದುದರಿಂದ ಮಹಾನಗರಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆಗಳನ್ನು ತೆರೆಯುವುದು ಸಾಧ್ಯವಾಯಿತು. ದೆಹಲಿಯ ಸ್ಥಿತಿ ಬೇರೆ. ಇಲ್ಲಿನ ಕನ್ನಡಿಗರಲ್ಲಿ ಬಹುಮಂದಿ ಸರ್ಕಾರದ ನೌಕರಿಯಿಂದ ಬಂದವರು. ಅವರ ವಾಸವು ಅವರವರ ಹುದ್ದೆಗೆ ದೊರೆತ ವಸತಿಯಲ್ಲಿ. ಈಚಿನವರು ಗುರುಗ್ರಾಮ, ನೊಯ್ಡಾಗಳ ಕಂಪನಿಗಳಿಗೆ ಬಂದವರು. ಅವರ ವಾಸವು ಕಚೇರಿಗೆ ಹತ್ತಿರವಾದ ಬಹುಮಹಡಿಗಳಲ್ಲಿ. 2011ರ ಜನಗಣತಿಯಂತೆ ದೆಹಲಿಯೊಂದರಲ್ಲಿಯೇ 1 ಕೋಟಿ 68 ಲಕ್ಷ ಜನರಿದ್ದರು. ಆ ಜನಸಾಗರದಲ್ಲಿ ಕನ್ನಡದ ಮನೆಗಳು ಎಳ್ಳು ಚೆಲ್ಲಿದಂತೆ ಚೆದರಿವೆ. ಒಂದು ತರಗತಿಯಲ್ಲಿ ಹತ್ತು ಕನ್ನಡದ ಮಕ್ಕಳು ಸೇರುವುದು ಲೋದಿ ಎಸ್ಟೇಟಿನ ಶಾಲೆಯ ಹೊರಗೆ ಅಪೂರ್ವ. ಶಾಲೆಯ ಹಬ್ಬಕ್ಕೋ ಸಂಘದ ಮಕ್ಕಳ ಕಾರ್ಯಕ್ರಮಕ್ಕೋ ಮನೆಯವರು ಮಕ್ಕಳನ್ನು ದೂರದಿಂದ ಕರೆತಂದ ದಿನ ಮಾತ್ರ ಆ ಹತ್ತು ಮಂದಿ ಒಂದೆಡೆ ಕೂಡುತ್ತಾರೆ. ಚೌಪದದ ದಿಕ್ಕು ಇಲ್ಲಿ ತಿರುಗಿಬಿದ್ದಿದೆ. ಅಲ್ಲಿ ಶಾಲೆಯು ಮನೆಗಳಿಗೆ ಹೋಗುತ್ತಿತ್ತು. ಇಲ್ಲಿ ಮನೆಗಳು ಶಾಲೆಗೆ ಬಂದು ಒಂದು ದಿನದ ಮಟ್ಟಿಗೆ ಊರಾಗುತ್ತವೆ.

4. ಎರಡು ಪಂಚಾಂಗಗಳು

ಆ ಒಂದು ದಿನವನ್ನು ಗೊತ್ತುಪಡಿಸುವುದೂ ದೆಹಲಿಯಲ್ಲಿ ಸುಲಭವಲ್ಲ. ಕನ್ನಡ ನಾಡಿನ ಹಬ್ಬಗಳ ಪಂಚಾಂಗಕ್ಕೂ ದೆಹಲಿಯ ಶಾಲೆಗಳ ಪಂಚಾಂಗಕ್ಕೂ ಹೊಂದಿಕೆ ಕಡಮೆ.

ಸಂಕ್ರಾಂತಿಯನ್ನು ಮೊದಲು ತೆಗೆದುಕೊಳ್ಳಬಹುದು. ಎಳ್ಳು ಬೀರುವುದು ಮಕ್ಕಳಿಗೆ ಅತ್ಯಂತ ಪ್ರಿಯವಾದ ಆಚಾರ. ಅದು ಮಗುವನ್ನು ತಟ್ಟೆಯೊಡನೆ ನೆರೆಮನೆಗೆ ಕಳುಹಿಸಿ ಮಾತನಾಡಿಸುತ್ತದೆ. ಆದರೆ ದೆಹಲಿಯಲ್ಲಿ ಜನವರಿಯ ಮೊದಲ ಪಕ್ಷವು ಸಾಮಾನ್ಯವಾಗಿ ಚಳಿಗಾಲದ ರಜೆ. ಹಬ್ಬವು ಬರುವಾಗ ಶಾಲೆಯ ಬಾಗಿಲು ಮುಚ್ಚಿರುತ್ತದೆ. ನವರಾತ್ರಿಯಲ್ಲಿ ಕರ್ನಾಟಕದ ಶಾಲೆಗಳಿಗೆ ದೀರ್ಘವಾದ ದಸರಾ ರಜೆಯಿದ್ದರೆ, ದೆಹಲಿಯದು ರಾಮಲೀಲೆಯ ದಿನಗಳ ಕಿರಿದಾದ ವಿರಾಮ. ಸರಸ್ವತಿಯ ಪೂಜೆಯ ಕಾಲವೂ ಬೇರೆ. ಬಂಗಾಳಿಗಳೂ ಉತ್ತರದ ಇತರರೂ ಅದನ್ನು ಮಾಘ ಶುದ್ಧ ಪಂಚಮಿಯಂದು ನಡೆಸುತ್ತಾರೆ. ಕನ್ನಡಿಗರು ನವರಾತ್ರಿಯ ಮೂಲಾ ನಕ್ಷತ್ರದಂದು ಶಾರದೆಯನ್ನು ಆವಾಹಿಸಿ ವಿಜಯದಶಮಿಯಂದು ಅಕ್ಷರಾಭ್ಯಾಸ ಮಾಡಿಸುತ್ತಾರೆ.

ಯುಗಾದಿಯ ವಿಷಯದಲ್ಲಿ ಮಾತ್ರ ಒಂದು ಅನುಕೂಲವು ತಾನಾಗಿ ಒದಗಿದೆ. ಕರ್ನಾಟಕದಲ್ಲಿ ಶಾಲೆಯ ವರ್ಷವು ಬೇಸಗೆಯ ರಜೆ ಕಳೆದ ಮೇಲೆ ಆರಂಭವಾಗುತ್ತದೆ. ದೆಹಲಿಯಲ್ಲಿ ಅದು ಏಪ್ರಿಲ್ ಮೊದಲಲ್ಲಿಯೇ ಆರಂಭ. ಯುಗಾದಿಯು 2023ರಲ್ಲಿ ಮಾರ್ಚ್ 22ರಂದೂ 2024ರಲ್ಲಿ ಏಪ್ರಿಲ್ 9ರಂದೂ 2025ರಲ್ಲಿ ಮಾರ್ಚ್ 30ರಂದೂ ಬಂದಿತು. ಹೊಸ ವರ್ಷವೂ ಹೊಸ ತರಗತಿಯೂ ಹೀಗೆ ಬಹುಮಟ್ಟಿಗೆ ಒಟ್ಟಿಗೇ ಬರುವುದು ದೆಹಲಿಯ ಮಗುವಿನ ಭಾಗ್ಯ. ಈ ಹೊಂದಿಕೆಯನ್ನು ಉಪಯೋಗಿಸಿಕೊಂಡು ಶಾಲಾಪ್ರವೇಶವನ್ನೇ ಬೇವುಬೆಲ್ಲದ ಹಬ್ಬವನ್ನಾಗಿ ಮಾಡುವುದು ಸಾಧ್ಯ.

ರಾಜ್ಯೋತ್ಸವದ ಅಡಚಣೆಯು ಈಚಿನದು. ನವೆಂಬರಿನಲ್ಲಿ ದೆಹಲಿಯ ಗಾಳಿಯು ಹೊಗೆಯಿಂದ ಕೆಡುತ್ತದೆ; ಆಗ ಮನೆಯಲ್ಲಿರಲು ಮೊದಲು ಅಪ್ಪಣೆಯಾಗುವುದು ಪ್ರಾಥಮಿಕ ತರಗತಿಗಳ ಮಕ್ಕಳಿಗೇ. 2019ರಲ್ಲಿ ಶಾಲೆಗಳನ್ನು ನವೆಂಬರ್ 5ರವರೆಗೆ ಮುಚ್ಚುವ ಆಜ್ಞೆಯು ಹೊರಟದ್ದು ನವೆಂಬರ್ 1ರಂದು, ಎಂದರೆ ರಾಜ್ಯೋತ್ಸವದ ದಿನವೇ. 2023ರಲ್ಲಿ ಪ್ರಾಥಮಿಕ ಶಾಲೆಗಳು ನವೆಂಬರ್ 3ರಿಂದ ಮುಚ್ಚಿದವು. 2024ರಲ್ಲಿ ಪ್ರಾಥಮಿಕ ತರಗತಿಗಳನ್ನು ಆನ್‌ಲೈನಿಗೆ ಬದಲಾಯಿಸುವ ಪ್ರಕಟಣೆಯು ಬಂದದ್ದು ನವೆಂಬರ್ 14ರಂದು, ಮಕ್ಕಳ ದಿನದಂದು. ಬಯಲಿನಲ್ಲಿ ಧ್ವಜವನ್ನು ಏರಿಸಿ ಮೆರವಣಿಗೆ ಹೊರಡಿಸುವ ನಾಡಿನ ಕ್ರಮವನ್ನು ಇಲ್ಲಿ ಹಾಗೆಯೇ ಅನುಕರಿಸುವುದರಿಂದ ಪ್ರಯೋಜನವಿಲ್ಲ. ಶಾಲೆಯೊಳಗಿನ ಹಬ್ಬವನ್ನು ಅಕ್ಟೋಬರಿನ ಮಧ್ಯಕ್ಕೆ ತಂದುಕೊಳ್ಳುವುದರಲ್ಲಿ ಅಪಚಾರವೇನೂ ಇಲ್ಲ.

5. ಹಾಡು ಬಂದಿತು, ಮಾತು ಬಂದಿತೆ?

ಇನ್ನು ಮುಖ್ಯ ವಿಷಯಕ್ಕೆ ಬರಬೇಕು. ಹೊರನಾಡಿನ ಹಬ್ಬಗಳಲ್ಲಿ ಈಗ ಹೆಚ್ಚು ಕಾಣುವುದು ಧ್ವನಿಮುದ್ರಿಕೆಗೆ ಹೆಜ್ಜೆ ಹಾಕುವ ಸಮೂಹನೃತ್ಯ. ನೋಡಲು ಅದು ಸೊಗಸಾಗಿರುತ್ತದೆ. ಕಡಮೆ ಕಾಲದಲ್ಲಿ ಅನೇಕ ಮಕ್ಕಳನ್ನು ರಂಗಕ್ಕೆ ತರುತ್ತದೆ. ತಂದೆತಾಯಿಗಳಿಗೆ ಹರ್ಷವನ್ನು ಕೊಡುತ್ತದೆ. ಆದರೆ ಅದರಲ್ಲಿ ಮಗುವಿನ ಬಾಯಿಗೆ ಕೆಲಸವಿಲ್ಲ. ಹಾಡಬೇಕಾದಲ್ಲಿಯೂ ಕನ್ನಡದ ಸಾಲುಗಳನ್ನು ನಾಗರಿಯಲ್ಲಿಯೋ ರೋಮನ್ ಲಿಪಿಯಲ್ಲಿಯೋ ಬರೆದುಕೊಂಡು ಬಾಯಿಪಾಠ ಮಾಡುವುದುಂಟು. ಆಗ ಸಾಲು ಬರುತ್ತದೆ, ಅರ್ಥವು ಬರುವುದಿಲ್ಲ. ರೋಮನ್ ಬರವಣಿಗೆಯಲ್ಲಿ ಳಕಾರ ಲಕಾರಗಳೂ ಹ್ರಸ್ವ ದೀರ್ಘಗಳೂ ಒಂದಾಗಿಬಿಡುತ್ತವೆ. ಹಾಡು ಮುಗಿದ ಕೂಡಲೆ ಮಗುವು ಕೆಳಗಿಳಿದು ಗೆಳೆಯನೊಡನೆ ಹಿಂದಿಯಲ್ಲಿ ಮಾತನಾಡತೊಡಗುತ್ತದೆ. ಸಭೆಯು ಚಪ್ಪಾಳೆ ತಟ್ಟಿ, ಕನ್ನಡವು ಕ್ಷೇಮವಾಗಿದೆಯೆಂದು ನಂಬಿ ಮನೆಗೆ ಹೋಗುತ್ತದೆ. ಅಪಾಯವಿರುವುದು ಈ ನಂಬಿಕೆಯಲ್ಲಿ. ಹಬ್ಬವು ಭಾಷೆಗೆ ದಾರಿಯಾಗುವ ಬದಲು ಭಾಷೆಯ ಸ್ಥಾನದಲ್ಲಿ ತಾನೇ ಕುಳಿತುಬಿಡುತ್ತದೆ.

ಇದು ಮಕ್ಕಳ ದೋಷವಲ್ಲ; ಉಪಾಧ್ಯಾಯರ ದೋಷವೂ ಅಲ್ಲ. ಭಾಷೆಯು ಮಗುವಿಗೆ ಹತ್ತುವುದು ಅದನ್ನು ಬಳಸದೆ ಗತ್ಯಂತರವಿಲ್ಲದಾಗ. ಎದುರಿನವನು ಏನು ಹೇಳಿದನೆಂದು ತಿಳಿದು ಉತ್ತರ ಕೊಡಬೇಕಾದಾಗ ಕಿವಿಯೂ ನಾಲಗೆಯೂ ಒಟ್ಟಿಗೆ ದುಡಿಯುತ್ತವೆ. ಹೂವಿನಕೋಲಿನ ಹುಡುಗರನ್ನು ಎದುರುಬದುರು ಕೂರಿಸುತ್ತಿದ್ದ ಕ್ರಮದ ವಿವೇಕವು ಇಲ್ಲಿ ಗೋಚರವಾಗುತ್ತದೆ. ಒಬ್ಬನು ಮಾತು ಮುಗಿಸುವವರೆಗೆ ಇನ್ನೊಬ್ಬನು ಕೇಳಲೇಬೇಕು. ಕೇಳಿದ ಮೇಲೆ ಹೇಳಲೇಬೇಕು. ಹೆಜ್ಜೆ ತಪ್ಪಿದರೆ ಗುಂಪಿನಲ್ಲಿ ಮರೆಯಾಗುತ್ತದೆ. ಮಾತು ತಪ್ಪಿದರೆ ಮರೆಯಾಗುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ದೆಹಲಿಯ ಭಾಷಾವಾರು ಶಾಲೆಗಳಲ್ಲಿ ಆಯಾ ಭಾಷೆಯ ಮಕ್ಕಳ ಜೊತೆಗೆ ಅನ್ಯಭಾಷೆಗಳ ಮನೆಗಳಿಂದ ಬಂದ ಮಕ್ಕಳೂ ಓದುತ್ತಾರೆ. ಅವರ ಸನ್ನಿಧಿಯನ್ನು ಹಬ್ಬಕ್ಕೆ ಅಡ್ಡಿಯೆಂದು ಭಾವಿಸುವುದು ಯುಕ್ತವಲ್ಲ. 1823ರ ಬಳ್ಳಾರಿಯಲ್ಲಿ ಕನ್ನಡ ತೆಲುಗುಗಳ ಶಾಲೆಗಳು ಹೆಚ್ಚುಕಡಮೆ ಸಮಸಂಖ್ಯೆಯಲ್ಲಿದ್ದವೆಂಬುದನ್ನು ನೆನೆದರೆ ನೆರೆಭಾಷೆಯ ಸಹವಾಸವು ಕನ್ನಡದ ಮಗುವಿಗೆ ಹೊಸದಲ್ಲ. ಕನ್ನಡವನ್ನರಿಯದ ಗೆಳೆಯನಿಗೆ ಬೇವುಬೆಲ್ಲವೆಂದರೇನು ಎಂದು ವಿವರಿಸಬೇಕಾದ ಮಗುವು ಮೊದಲು ಅದನ್ನು ತನ್ನ ಮನೆಯಲ್ಲಿ ಕೇಳಿ ತಿಳಿಯಬೇಕಾಗುತ್ತದೆ.

6. ಮಾಡತಕ್ಕದ್ದು

ಮೇಲಿನ ವಿಚಾರದಿಂದ ಫಲಿಸುವುದಿಷ್ಟು: ಹೊರನಾಡಿನ ಶಾಲೆಯ ಹಬ್ಬವನ್ನು ಅಳೆಯತಕ್ಕದ್ದು ವೇದಿಕೆಯ ಮೇಲಿನ ಎರಡು ಗಂಟೆಗಳಿಂದಲ್ಲ, ಅದಕ್ಕೆ ಹಿಂದಿನ ಎರಡು ತಿಂಗಳ ಸಿದ್ಧತೆಯಲ್ಲಿ ಮಗುವು ಆಡಿದ ಕನ್ನಡದಿಂದ. ಇದಕ್ಕೆ ಹೆಚ್ಚಿನ ಹಣವು ಬೇಕಿಲ್ಲ. ಕರೆಯೋಲೆಗಳನ್ನು ಮಕ್ಕಳೇ ಕನ್ನಡ ಅಕ್ಷರಗಳಲ್ಲಿ ಬರೆಯಲಿ. ಅಕ್ಷರವು ವಕ್ರವಾದರೂ ಚಿಂತೆಯಿಲ್ಲ. ಸ್ವಾಗತವನ್ನೂ ವಂದನಾರ್ಪಣೆಯನ್ನೂ ದೊಡ್ಡವರು ಬಿಟ್ಟುಕೊಟ್ಟು ನಾಲ್ಕನೆಯ ಐದನೆಯ ತರಗತಿಯ ಮಕ್ಕಳಿಗೆ ಒಪ್ಪಿಸಲಿ. ನೃತ್ಯವಿರುವ ಕಡೆ ಒಂದಾದರೂ ಸಂಭಾಷಣೆಯ ಪ್ರಹಸನವಿರಲಿ. ಊರಿನಿಂದ ಚಳಿಗಾಲಕ್ಕೋ ಹೆರಿಗೆಗೋ ಬಂದಿರುವ ಅಜ್ಜ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬಿಡುವ ಬದಲು, ಅಭ್ಯಾಸದ ದಿನಗಳಲ್ಲಿ ಮಕ್ಕಳ ನಡುವೆ ಕೂರಿಸುವುದು ಲೇಸು. ಧಾರವಾಡದ, ಮಂಗಳೂರಿನ, ಮೈಸೂರಿನ ಕನ್ನಡಗಳು ಒಂದೇ ಕೊಠಡಿಯಲ್ಲಿ ಕೇಳಿಸುವ ಇಂತಹ ಅವಕಾಶವು ನಾಡಿನೊಳಗೂ ಎಲ್ಲ ಮಕ್ಕಳಿಗೆ ಸಿಗುವಂಥದಲ್ಲ. ಭಾಷಣಗಳು ಮಿತವಾಗಿದ್ದರೆ ಮಕ್ಕಳ ಪಾಲಿನ ಹೊತ್ತು ತಾನಾಗಿಯೇ ಬೆಳೆಯುವುದು.

ಇದರ ಜೊತೆಗೆ ಚೌಪದದ ಮೂಲದಿಕ್ಕನ್ನೂ ಸ್ವಲ್ಪ ಮಟ್ಟಿಗೆ ಮರಳಿ ಹಿಡಿಯಬಹುದು. ಐದಾರು ಮಕ್ಕಳ ಒಂದೊಂದು ತಂಡವು ನವರಾತ್ರಿಯ ವಿರಾಮದಲ್ಲಿ ತಮ್ಮ ಬಡಾವಣೆಯ ಕನ್ನಡ ಮನೆಗಳಿಗೆ ಹೋಗಿ, ಕಲಿತದ್ದನ್ನು ಹೇಳಿ ಹರಸಿ ಬರುವ ಪದ್ಧತಿಯು ದ್ವಾರಕೆಯಲ್ಲಿಯೋ ರಾಮಕೃಷ್ಣಪುರದಲ್ಲಿಯೋ ನೊಯ್ಡಾದಲ್ಲಿಯೋ ಅಸಾಧ್ಯವಾದುದಲ್ಲ. ಈಗ ದಕ್ಷಿಣೆಯ ಅಗತ್ಯವಿಲ್ಲ. ಮನೆಯವರು ಮಕ್ಕಳನ್ನು ಕೂರಿಸಿಕೊಂಡು ಕಾಲು ಗಂಟೆ ಕನ್ನಡದಲ್ಲಿ ಮಾತನಾಡಿಸಿದರೆ ಅದೇ ದಕ್ಷಿಣೆ. ಮಕ್ಕಳಿಲ್ಲದ ಮನೆಗಳೂ, ಮಕ್ಕಳು ಬೆಳೆದು ದೂರದೇಶಗಳಿಗೆ ಹೋಗಿರುವ ಮನೆಗಳೂ ಈ ಮೂಲಕ ಶಾಲೆಯ ಪೋಷಕರಾಗುವರು. ಹತ್ತು ಮಂದಿ ಮಕ್ಕಳು ತರಗತಿಯಲ್ಲಿ ದೊರೆಯದ ಊರಿನಲ್ಲಿ, ಆ ಹತ್ತು ಮಂದಿಯನ್ನು ವರ್ಷಕ್ಕೆ ಎಷ್ಟು ದಿನ ಕೂಡಿಸಬಹುದು, ಕೂಡಿದ ದಿನ ಅವರಿಂದ ಎಷ್ಟು ಮಾತನ್ನಾಡಿಸಬಹುದು ಎಂಬ ಲೆಕ್ಕವನ್ನು ಪ್ರತಿಯೊಂದು ಹಬ್ಬ ಮುಗಿದಾಗಲೂ ಸಂಘವೂ ಶಾಲೆಯೂ ಮನೆಯೂ ಒಟ್ಟಿಗೆ ಕುಳಿತು ಹಾಕುವುದು ಕರ್ತವ್ಯ.